ನಾಲ್ಕು ಅಡಿ ಕಡಿಮೆಯ ಗುಡ್ಡ

ನಮ್ಮ ಗುಡ್ಡಕ್ಕಿಂತ ಪಕ್ಕದ ಹೊಲದ ಫೋಗಲ್‌ರ ಗುಡ್ಡ ನಾಲ್ಕು ಅಡಿ ಎತ್ತರವೆಂದು ಸರ್ವೆಯ ಏಮಸ್ ಪ್ರೂಯಿಟ್ ಹೇಳಿದ ದಿನ, ಅವನಿಗೆಂದೇ ಕತ್ತರಿಸಿಟ್ಟಿದ್ದ ಸೇಬಿನ ಪೈಯನ್ನು ತಟ್ಟೆ ಸಮೇತ ಒಳಗೆ ತೆಗೆದುಕೊಂಡು ಹೋದೆ.

"ಇನ್ನೊಂದ್ಸಲ ಅಳೀರಿ," ಎಂದೆ ಹೊರಗೆ ಬಂದು.

"ಮೂರು ಸಲ ಅಳ್ದಾಯ್ತು, ಮಿಸ್ ಬ್ರಾಂಟ್."

"ಕೋಲು ಎಲ್ಲಿ ನಿಲ್ಲಿಸಿದ್ರಿ?"

"ನೆಲದ ಮೇಲೆ. ಕಲ್ಲುಗುಪ್ಪೆ ಪಕ್ಕ."

ಆ ಗುಪ್ಪೆಯೇ ನಮ್ಮ ಮರ್ಯಾದೆ. ಪ್ರತಿ ವಸಂತದಲ್ಲೂ ಉಳುವಾಗ ಸಿಕ್ಕ ಕಲ್ಲುಗಳನ್ನು ಅಪ್ಪ ಗುಡ್ಡದ ತುದಿಗೆ ಹೊರುತ್ತಿದ್ದರು. ಫೋಗಲ್‌ರ ಗುಡ್ಡವನ್ನು ಮೀರಿಸಬೇಕೆಂಬ ಹಟ. ಅವರು ತೀರಿಕೊಂಡ ಮೇಲೆ ಹೊಲದ ಜೊತೆ ಹಟವೂ ನನಗೆ ಬಂತು. ಈಗ, ೧೮೯೮ರಲ್ಲಿ, ಸಿನ್ಸಿನಾಟಿಯ ಸುತ್ತಲಿನ ಹಳ್ಳಿಗಳ ನಕ್ಷೆ ಅಚ್ಚಾಗಲಿತ್ತು. ಅದರಲ್ಲಿ ಬಂದದ್ದೇ ಕೊನೆಯ ಮಾತು.

"ಕಲ್ಲು ಲೆಕ್ಕಕ್ಕಿಲ್ವಾ?"

"ಮನುಷ್ಯರು ಪೇರಿಸಿದ್ದು ಲೆಕ್ಕಕ್ಕೆ ಬರಲ್ಲ."

ಬೇಸಿಗೆಯಿಡೀ ಓಹಾಯೋ ನದಿಯ ದಡದಿಂದ ಇಲ್ಲಿಯವರೆಗೆ ತಿರುಗಿ ಅವನ ಮೂಗು ಬಿಸಿಲಿಗೆ ಸುಲಿದುಹೋಗಿತ್ತು. ಆ ಮೂಗು ನೋಡಲೆಂದೇ ನಾನು ದಿನಾ ಬೇಲಿಯ ಹತ್ತಿರ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದೆ.

"ಒಂದು ಅಂಕಿ ತಾನೇ," ಎಂದೆ ಮೆಲ್ಲಗೆ. "ನನಗೋಸ್ಕರ ತಿದ್ದಿ."

ಅವನ ಮುಖ ಕೆಂಪಾಯಿತು. "ನಿಮಗೋಸ್ಕರ ಏನ್ ಬೇಕಾದ್ರೂ ಮಾಡ್ತೀನಿ. ಅದೊಂದು ಆಗಲ್ಲ."

ಬಾಗಿಲು ಹಾಕಿಕೊಂಡು ಅತ್ತೆ. ಅಪ್ಪ ಸೋತರಲ್ಲ ಎಂಬ ಸಂಕಟ. ಆದರೆ ಅವನು ತಿದ್ದಿದ್ದರೆ ಮತ್ತೆಂದೂ ಅವನನ್ನು ನಂಬುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಮೂರನೆಯ ದಿನ ಬಂದ. ಕೈಯಲ್ಲಿ ಉಳಿ, ಸುತ್ತಿಗೆ, ಹಿತ್ತಾಳೆಯ ಬಿಲ್ಲೆ.

"ನಿಮ್ಮ ಬಾಗಿಲ ಮೆಟ್ಟಿಲು ಬೇಕಿತ್ತು. ಸುತ್ತಮುತ್ತ ಇದೇ ಗಟ್ಟಿ ಕಲ್ಲು. ಎತ್ತರದ ಗುರುತಿನ ಈ ಬಿಲ್ಲೆ ಇಲ್ಲಿ ಕೂತ್ರೆ, ಮುಂದೆ ಯಾರೇ ಅಳೀಲಿ, ಇಲ್ಲಿಂದ್ಲೇ ಶುರು ಮಾಡ್ಬೇಕು."

"ಫೋಗಲ್‌ರ ಗುಡ್ಡಾನೂ?"

"ತಾನೆಷ್ಟು ಎತ್ತರ ಅಂತ ಅದೂ ನಿಮ್ಮ ಬಾಗಿಲಿಗೇ ಬಂದು ಕೇಳ್ಬೇಕು."

"ನನ್ನ ಸಮಾಧಾನಕ್ಕೆ ಹೇಳ್ತಿರೋ ಸುಳ್ಳಾ?"

"ಸುಳ್ಳು ಹೇಳೋನಾಗಿದ್ರೆ ಮೊನ್ನೆ ಪೈ ಸಿಗ್ತಿತ್ತು."

ನಗು ತಡೆಯಲಾಗಲಿಲ್ಲ. ಅವನು ಕಲ್ಲು ಕೊರೆದ, ನಾನು ಬಿಲ್ಲೆ ಹಿಡಿದುಕೊಂಡೆ. ಅದು ಕೂತ ಮೇಲೂ ಇಬ್ಬರ ಕೈಗಳೂ ಅಲ್ಲೇ ಇದ್ದವು.

"ಸರ್ವೆಯವರು ನಾಳೆ ಹೊರಡ್ತಾರೆ," ಎಂದ. "ನೀವು ಹೂಂ ಅಂದ್ರೆ ನಾನು ವಾಪಸ್ ಬರ್ತೀನಿ. ಇಲ್ಲೇ ಉಳಿಯೋಕೆ."

"ವಸಂತಕ್ಕೆ ಬನ್ನಿ. ಕಲ್ಲು ಹೊರೋದಿದೆ."

"ಲೆಕ್ಕಕ್ಕೆ ಬರಲ್ಲ ಅಂದ್ನಲ್ಲ."

"ನಿಮ್ಮ ನಕ್ಷೆಗೆ ಬರಲ್ಲ. ಅಪ್ಪನ ಲೆಕ್ಕಕ್ಕೆ ಬರುತ್ತೆ. ನನ್ನ ಗಂಡ ಆಗೋನು ಹೊರ್ಲೇಬೇಕು."

ಏಮಸ್ ವಸಂತದವರೆಗೆ ಕಾಯಲಿಲ್ಲ. ಅಂಗಳದ ದೊಡ್ಡ ಕಲ್ಲೊಂದನ್ನು ಭುಜಕ್ಕೇರಿಸಿ ಆಗಲೇ ಗುಡ್ಡ ಹತ್ತತೊಡಗಿದ. ಪೈ ತಟ್ಟೆ ಹಿಡಿದು ನಾನು ಹಿಂದೆ ಹೊರಟೆ.