ನಾಳೆಯ ಜ್ವರ

"ನಾಳೆ ಲಾಮ್‌ಗೆ ಜ್ವರ," ಎಂದರು ಹಾನ್ ಟೀಚರ್.

ನಾಲ್ಕನೇ ತರಗತಿಯ ಮಕ್ಕಳೆಲ್ಲ ಲಾಮ್ ಕಡೆ ತಿರುಗಿದರು. ಅವನು ಮೆಲ್ಲಗೆ ತೂಗಾಡುತ್ತ, ಡೆಸ್ಕಿನ ಮೇಲೆ ಬೆರಳು ಓಡಿಸುತ್ತ ಕೂತಿದ್ದ. ಗುಂಡುಕಲ್ಲಿನ ಹಾಗಿದ್ದ.

"ಚೆನ್ನಾಗೇ ಇದಾನಲ್ಲ ಟೀಚರ್?" ಅವನ ಪಕ್ಕ ಕೂರುವ ಸೆನ್ ಕೇಳಿದಳು.

"ನಾಳೆ ಬರುತ್ತೆ ಕಣೇ. ಅವರಮ್ಮಂಗೂ ಹೇಳಿದೀನಿ. ನಿನ್ನ ಸಾಲು ಬಾಯಿಪಾಠ ಆಯ್ತಾ?"

ಕಾನ್ ಥೋ ಊರಿನ ಆ ಶಾಲೆಗೆ ನಾಳೆ ಬೇರೆ ಶಾಲೆಗಳಿಂದ ಹನ್ನೆರಡು ಮಂದಿ ಟೀಚರುಗಳು ಪಾಠ ನೋಡಲು ಬರುವವರಿದ್ದರು. ಪಾಠದ ಹೆಸರು 'ನಮ್ಮ ತರಗತಿಯಲ್ಲಿ ಎಲ್ಲರೂ'. ಆ ಎಲ್ಲರಲ್ಲಿ ಲಾಮ್ ಇರಲಿಲ್ಲ. ಅವನಿಗೆ ಆಟಿಸಂ. ಕೈ ಕಟ್ಟಿ ಕೂರುವುದು ಅವನಿಂದಾಗದು.

ಒಂದು ವಾರದಿಂದ ರಿಹರ್ಸಲ್ ನಡೆದಿತ್ತು. ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರ್ ಕರೆಯುವುದು ಬಲಗೈಯವರನ್ನು ಮಾತ್ರ. ಉಳಿದ ಹೊತ್ತು ಕೈ ಕಟ್ಟಿ ಗೊಂಬೆಗಳ ಹಾಗೆ ಕೂರಬೇಕು. ಅಂತೂ ಯಾರಿಗೂ ಯೋಚನೆ ಮಾಡುವ ಕಷ್ಟವೇ ಇರಲಿಲ್ಲ.

ಸೆನ್ ತನ್ನ ಸಾಲನ್ನು ಲಾಮ್ ಪಕ್ಕದಲ್ಲೇ ಕಲಿತಿದ್ದಳು. ಅವನ ಬೆರಳು ಟಕಟಕ ಎಂದಂತೆ ಅವಳ ಬೆರಳೂ ಡೆಸ್ಕಿನಡಿ ಟಕಟಕ ಎನ್ನುತ್ತಿತ್ತು. ಲಾಮ್ ಆ ಸಾಲನ್ನು ಎರಡೇ ದಿನದಲ್ಲಿ ಕಲಿತಿದ್ದ. ಅವನನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಮರುದಿನ ಅತಿಥಿಗಳು ಹಿಂದೆ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತರು. ಒಬ್ಬರು ಕಾಲು ಕುಣಿಸಿದರು. ಒಬ್ಬರು ಪೆನ್ನು ಕಟಕಟ ಎನ್ನಿಸಿದರು. ಇನ್ನೊಬ್ಬರು ಫೈಲಿನಿಂದ ಗಾಳಿ ಬೀಸಿಕೊಂಡರು. ಕೈ ಕಟ್ಟಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

"ಬೇರೆ ಥರ ಇರೋ ಗೆಳೆಯನಿಗೆ ನಾವೇನ್ ಮಾಡ್ಬೇಕು ಮಕ್ಕಳೇ?" ಹಾನ್ ಟೀಚರ್ ಜೇನಿನಂಥ ದನಿಯಲ್ಲಿ ಕೇಳಿದರು.

ಬಲಗೈ ಎತ್ತಿದ್ದ ಸೆನ್ ಎದ್ದು ನಿಂತಳು. ಯೂನಿಫಾರ್ಮಿನ ಕೆಂಪು ಸ್ಕಾರ್ಫ್ ಸರಿಮಾಡಿಕೊಂಡು ಕೈ ಕಟ್ಟಿದಳು. ಸಾಲು ಮಾಯ! ಎಷ್ಟು ತಡಕಾಡಿದರೂ ತಲೆಯಲ್ಲಿ ಏನೂ ಇಲ್ಲ. ಟೀಚರ್ ತುಟಿ ನಗುತ್ತಿತ್ತು, ಕಣ್ಣು ಗುರಾಯಿಸುತ್ತಿತ್ತು.

ಸೆನ್ ಕೈ ಬಿಚ್ಚಿ, ಡೆಸ್ಕಿನ ಮೇಲೆ ಬೆರಳು ಓಡಿಸಿದಳು. ಟಕಟಕ, ಟಕ.

"ನಮ್ ಬೆಂಚಲ್ಲೇ ಜಾಗ ಕೊಡ್ಬೇಕು!"

ಚಪ್ಪಾಳೆಯೋ ಚಪ್ಪಾಳೆ. ಸೆನ್ ಮಾತ್ರ ತನ್ನ ಬೆರಳುಗಳನ್ನೇ ನೋಡಿದಳು. ಲಾಮ್‌ಗೆ ದಿನಕ್ಕೆ ಇಪ್ಪತ್ತು ಸಲ 'ಕೈ ಕಟ್ಟೋ' ಎನ್ನುತ್ತಿದ್ದರು. ಅಂದರೆ ಇಪ್ಪತ್ತು ಸಲವೂ ಅವನಿಗೆ ಹೀಗೇ ತಲೆಯಲ್ಲಿದ್ದದ್ದೆಲ್ಲ ಮಾಯವಾಗುತ್ತಿತ್ತಾ?

ಕಾಲು ಕುಣಿಸುತ್ತಿದ್ದ ಮೇಡಂ ಸೆನ್ ಪಕ್ಕದ ಖಾಲಿ ಜಾಗ ತೋರಿಸಿದರು. "ಜಾಣೆ! ಇಲ್ಲಿ ಯಾರು ಕೂರ್ತಾರೆ ಪುಟ್ಟಿ?"

"ಲಾಮ್. ಅವನಿಗೆ ಜ್ವರ."

"ಅಯ್ಯೋ ಪಾಪ, ಯಾವಾಗಿಂದ?"

"ಗೊತ್ತಿಲ್ಲ ಮೇಡಂ. ಇವತ್ತು ಬರುತ್ತೆ ಅಂತ ಟೀಚರ್ ನಿನ್ನೇನೇ ಹೇಳಿದ್ರು."

ಪೆನ್ನಿನ ಕಟಕಟ ನಿಂತಿತು. ಕಾಲು ನಿಂತಿತು. ದೊಡ್ಡವರೆಲ್ಲ ಗೊಂಬೆಗಳ ಹಾಗೆ ಕೂತರು.

ಮಾರನೆಯ ದಿನ ಲಾಮ್ ಬಂದ. ಹಾನ್ ಟೀಚರ್ ಬರಲಿಲ್ಲ. ಜ್ವರವಂತೆ.

ಲಾಮ್ ಎಂದಿನಂತೆ ಬೆರಳು ಓಡಿಸತೊಡಗಿದ. ಸೆನ್ ತನ್ನ ಪುಸ್ತಕ, ಪೆನ್ಸಿಲ್ ಬಾಕ್ಸು ಎಲ್ಲವನ್ನೂ ಅಂಚಿಗೆ ಸರಿಸಿ, ಅವನ ಬೆರಳುಗಳಿಗೆ ಜಾಗ ಮಾಡಿಕೊಟ್ಟಳು.