ಮೂರನೇ ಮೋಟಾರೂ ಸುಟ್ಟಿತು

"ಇದು ಮೂರನೇದು."

ಪ್ರಿಯಾಂಕ ಸುಟ್ಟ ಸರ್ವೋ ಮೋಟಾರನ್ನು ಕೌಂಟರಿನ ಗಾಜಿನ ಮೇಲೆ ಟಪ್ಪೆಂದು ಇಟ್ಟಳು. ಪೂರಿಗಾಲಿಯಿಂದ ಮಳವಳ್ಳಿವರೆಗೂ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಸಿಟ್ಟು ದಾರಿಯುದ್ದಕ್ಕೂ ಕುದಿದು ಹದಕ್ಕೆ ಬಂದಿತ್ತು.

ಕೂತಿದ್ದವನು ತಲೆಯೆತ್ತಿದ. ಹಿಂದಿನ ಎರಡು ಸಲ ಈ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಮುದ್ದಯ್ಯನವರು ಇದ್ದರು. ಇವನು ಅವರ ಮಗ ಅಂಬರೀಶ್. ಅವನು ಮೋಟಾರನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ಮೋಟಾರ್‌ದು ತಪ್ಪಿಲ್ಲ ಕಣ್ರೀ. ತಪ್ಪು ನಿಮ್ದು."

ಎಷ್ಟು ಧೈರ್ಯ ಇವನಿಗೆ...

"ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದೀನಿ."

"ಸರಿ. ಯಾವ ಕೆಲ್ಸಕ್ಕೆ ಹಾಕಿದ್ರಿ ಇದ್ನ?"

ಹೇಳದೆ ವಿಧಿಯಿರಲಿಲ್ಲ. ಅವಳೂ ಅವಳ ತಾಯಿ ಮರಿತಾಯಮ್ಮನೂ ಟೊಮೆಟೊ, ಮೆಣಸಿನ ಸಸಿ ಬೆಳೆಸಿ ಮಾರುತ್ತಿದ್ದರು. ದಿನಾ ಬೆಳಿಗ್ಗೆ ನವಿಲುಗಳು ಬಂದು ಎಳೆ ಚಿಗುರನ್ನೆಲ್ಲ ಕುಕ್ಕಿಹಾಕುತ್ತಿದ್ದವು. ಅದಕ್ಕೇ ಅವಳು ಒಂದು ಯಂತ್ರ ಕಟ್ಟಿದ್ದಳು. ಏನಾದರೂ ಅಲುಗಾಡಿದರೆ ಸೆನ್ಸಾರ್ ಕಂಡುಹಿಡಿಯಬೇಕು, ಎರಡು ಮೋಟಾರುಗಳು ನಳಿಕೆಯನ್ನು ಅತ್ತ ತಿರುಗಿಸಬೇಕು, ಪಂಪು ನೀರು ಚಿಮ್ಮಿಸಬೇಕು. ನವಿಲಿಗೆ ಪೆಟ್ಟಿಲ್ಲ, ಸಸಿಗೆ ನಷ್ಟವಿಲ್ಲ. ಬರುವ ಭಾನುವಾರ ಮಂಡ್ಯದ ಕೃಷಿ ಪ್ರದರ್ಶನದಲ್ಲಿ ಅದನ್ನು ಇಡುವುದಾಗಿ ಹೆಸರು ಬರೆಸಿಬಿಟ್ಟಿದ್ದಳು.

ಆದರೆ ಯಂತ್ರ ಮಾತ್ರ ಚಳಿಜ್ವರ ಬಂದಂತೆ ನಡುಗಿ, ಹೊಗೆ ಬಿಟ್ಟು, ಸುಮ್ಮನಾಗುತ್ತಿತ್ತು.

"ಇನ್ನೊಂದು ಮೋಟಾರ್ ಕೊಡಿ."

"ಕೊಟ್ರೆ ಸುಡ್ತೀರಾ. ವೈರಿಂಗ್ ಫೋಟೊ, ಪ್ರೋಗ್ರಾಮು ಎಲ್ಲಾ ವಾಟ್ಸಾಪ್ ಮಾಡಿ. ನೋಡ್ತೀನಿ."

ಕಾಡಿ ಬೇಡಿ ಮೋಟಾರು ಪಡೆದು ಮನೆಗೆ ಬಂದವಳು ಬೈದುಕೊಳ್ಳುತ್ತಲೇ ಫೋಟೊ ಕಳಿಸಿದಳು.

ಅಲ್ಲಿಂದ ಶುರುವಾಯಿತು ಕಾಟ. ಸೋಮವಾರ, "ಬ್ಯಾಟ್ರಿ ಎಷ್ಟು ವೋಲ್ಟು?" ಮಂಗಳವಾರ, "ಪಂಪು ಯಾವ್ದು?" ಅರ್ಧ ಗಂಟೆ ಬಿಟ್ಟು, "ಊಟ ಆಯ್ತಾ?"

ಊಟಕ್ಕೂ ಪಂಪಿಗೂ ಏನು ಸಂಬಂಧ? "ಆಯ್ತು," ಎಂದು ಒತ್ತಿ ಫೋನು ಮಗುಚಿಟ್ಟಳು. ಐದು ನಿಮಿಷಕ್ಕೆ ಮತ್ತೆ ಎತ್ತಿ ನೋಡಿದಳು. ಯಾಕೆ ನೋಡಿದೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಬುಧವಾರ, ಗುರುವಾರ ಎರಡು ದಿನವೂ ಒಂದೇ ಉತ್ತರ. "ನೋಡ್ತಾ ಇದೀನಿ."

ಶುಕ್ರವಾರ ತಾಳ್ಮೆ ಮುಗಿದು ಬಸ್ಸು ಹತ್ತಿದಳು. ಅಂಗಡಿಯ ಮುಂದೆ ನಾಲ್ಕೈದು ಜನ ಸೇರಿದ್ದರು. ಕೌಂಟರಿನ ಮೇಲೆ ನಳಿಕೆಯೊಂದು ಅತ್ತಿಂದಿತ್ತ ತಿರುಗುತ್ತಿತ್ತು. ಅವಳದೇ ಯಂತ್ರ... ಅಲ್ಲ, ಅವಳದರಂಥದೇ ಇನ್ನೊಂದು. ನಡುಗುತ್ತಿರಲಿಲ್ಲ!

"ಅಂಬರೀಶಣ್ಣ, ನಮ್ಗೂ ಒಂದು ಮಾಡ್ಕೊಡಿ," ಎಂದು ಯಾರೋ ಕೇಳುತ್ತಿದ್ದರು.

ಪ್ರಿಯಾಂಕಳ ಕಿವಿ ಬಿಸಿಯಾಯಿತು.

"ಇದು ನನ್ನದು ನೋಡ್ಕೊಂಡು ಮಾಡಿದ್ದು ತಾನೇ?"

"ಹೌದು, ನಿಮ್ದೇ ನೋಡ್ಕೊಂಡ್ ಮಾಡ್ದೆ," ಎಂದ ಅವನು, ಅದರಲ್ಲೇನಿದೆ ಎಂಬಂತೆ.

"ಇದಕ್ಕೇನಾ ಅಷ್ಟೆಲ್ಲ ಪ್ರಶ್ನೆ ಕೇಳಿದ್ದು? ಊಟ ಆಯ್ತಾ ಅಂತ ಬೇರೆ..."

"ಸ್ವಲ್ಪ ಇರೀ, ನಾನು ಹೇಳೋದು..."

ಅವಳು ನಿಲ್ಲಲಿಲ್ಲ. ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕೂತಳು. ಯಂತ್ರ ಕದ್ದದ್ದಕ್ಕಿಂತ, ಆ 'ಊಟ ಆಯ್ತಾ' ಸುಳ್ಳಾದದ್ದೇ ಹೆಚ್ಚು ನೋಯುತ್ತಿತ್ತು.

ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಮೇಡಮ್, ನಾನು ಸೋಮನಹಳ್ಳಿ ಪುನೀತ್. ಅಂಗಡೀಲಿ ನವಿಲು ಓಡ್ಸೋ ಮಿಷನ್ನು ನೋಡ್ದೆ. ಅದ್ನ ಮಾಡಿರೋರು ಪೂರಿಗಾಲಿ ಪ್ರಿಯಾಂಕ ಮೇಡಮ್ಮು, ನಾನು ಮಾರಂಗಿಲ್ಲ ಅಂತ ಅಂಬರೀಶಣ್ಣ ನಿಮ್ಮ ನಂಬರ್ ಕೊಟ್ರು."

ಫೋನಿಟ್ಟವಳೇ ಪ್ರಿಯಾಂಕ ಅಂಬರೀಶನ ವಾಟ್ಸಾಪ್ ತೆರೆದಳು. ಆದರೆ ಏನೆಂದು ಮೆಸೇಜು ಹಾಕುವುದು? ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕಳಿಸಲಿಲ್ಲ.

ಶನಿವಾರ ಬೆಳಿಗ್ಗೆ ಉಳಿದಿದ್ದ ಮೋಟಾರು ಹಾಕಿ ಸ್ವಿಚ್ ಒತ್ತಿದಳು. ಯಂತ್ರ ಕೊಡವಿಕೊಂಡು ತಿರುಗಿ, ಕಾಫಿ ಹಿಡಿದು ಬಂದ ಮರಿತಾಯಮ್ಮನ ಮುಖಕ್ಕೇ ನೀರು ಚಿಮ್ಮಿಸಿತು.

"ನಿನ್ ಮಿಷನ್‌ಗಿಂತ ಆ ನವ್ಲೇ ವಾಸಿ ಕಣಮ್ಮ," ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ತಿರುಗಿದ ತಾಯಿ, "ಯಾರೋ ಬಂದವ್ರೆ ನೋಡು," ಎಂದು ಒಳಗೆ ಹೋದಳು.

ಬೈಕು ನಿಲ್ಲಿಸಿ ಅಂಬರೀಶ್ ಬರುತ್ತಿದ್ದ. ಕೈಯಲ್ಲಿ ಒಂದು ಬ್ಯಾಟರಿ.

"ಬಯ್ಯೋದಾದ್ರೆ ಆಮೇಲೆ ಬಯ್ರಿ. ಮೊದ್ಲು ಇದ್ ಕೇಳಿ. ಪಂಪು ಶುರುವಾದಾಗ ಕರೆಂಟೆಲ್ಲಾ ಅದೇ ಎಳ್ಕೊತದೆ. ಪ್ರೋಗ್ರಾಮ್ ಇರೋ ಬೋರ್ಡಿಗೆ ಸಾಲ್ದೆ ಅದು ಆಫಾಗಿ ಆನಾಯ್ತದೆ. ಆನಾದಾಗ್ಲೆಲ್ಲಾ ಮೋಟಾರು ತಿರ್ಗೋ ಕೊನೆಗೆ ಓಗಿ ಗುದ್ಕೊಂಡು ನಿಂತ್ಕೊತದೆ, ಸುಡ್ತದೆ. ಪಂಪಿಗೆ ಬೇರೆ ಬ್ಯಾಟ್ರಿ ಕೊಡಿ. ಫೋಟೊ ನೋಡಿ ಗೊತ್ತಾಗ್ಲಿಲ್ಲ. ನಿಮ್ ತರಾನೇ ಒಂದು ಕಟ್ಟಿ, ನಾನೂ ಎರಡು ಸುಟ್ಟೆ."

ಯಂತ್ರವನ್ನು ಅವನು ಮುಟ್ಟಲಿಲ್ಲ. ಸ್ಕ್ರೂಡ್ರೈವರನ್ನು ಅವಳ ಮುಂದೆ ಹಿಡಿದ.

"ನಿಮ್ದು. ನೀವೇ ಬಿಚ್ಚಿ."

ಅವಳು ವೈರು ಬದಲಾಯಿಸಿ ಸ್ವಿಚ್ ಒತ್ತಿದಳು. ಸ್ವಲ್ಪ ಹೊತ್ತಿಗೆ ಬೇಲಿ ದಾಟಿ ನವಿಲೊಂದು ಬಂತು. ನಳಿಕೆ ನಡುಗದೆ ಅತ್ತ ತಿರುಗಿತು. ನೀರು ಬಿದ್ದ ನವಿಲು ಗಕ್ಕನೆ ನಿಂತು, ಅವಮಾನವಾದಂತೆ ಕತ್ತು ಕೊಂಕಿಸಿ, ಬೇಲಿಯಾಚೆ ಹಾರಿತು.

ಪ್ರಿಯಾಂಕ ನಕ್ಕಳು. ಆಮೇಲೆ ಏನೋ ಹೊಳೆದು ನಗು ನಿಂತಿತು.

"ಇದು ನಿಮಗೆ ಯಾವತ್ತು ಗೊತ್ತಾಯ್ತು?"

ಅವನು ನೆಲ ನೋಡಿದ. "ಬುಧವಾರ."

"ಇವತ್ತು ಶನಿವಾರ."

"ಊಂ."

"ಒಂದು ಮೆಸೇಜ್ ಹಾಕೋಕೆ ಏನಾಗಿತ್ತು ನಿಮ್ಗೆ?"

"ಹಾಕಿದ್ರೆ ಕೆಲ್ಸ ಮುಗ್ದೋಗ್ತಿತ್ತು. ಆಮೇಲೆ ಮಾತಾಡೋಕೆ ನಂಗೇನ್ ನೆಪ ಇತ್ತು?" ಅವನ ದನಿ ತಗ್ಗಿತು. "ನೀವಂದ್ರೆ ನಂಗಿಷ್ಟ ಪ್ರಿಯಾಂಕ. ಅದ್ನ ಹೇಳಕ್ ಬರ್ದೆ ಬ್ಯಾಟ್ರಿ ಎಷ್ಟು ವೋಲ್ಟು ಅಂತ ಕೇಳ್ತಿದ್ದೆ."

ಬಯ್ಯಬೇಕೆಂದು ಬಾಯಿ ತೆರೆದಳು. ಕಣ್ಣು ತುಂಬಿ ಬಂತು.

"ಎಂಥಾ ಮನುಷ್ಯರು ನೀವು... ಮಂಗಳವಾರದಿಂದ ನಾನು ಪಂಪಿನ ಬಗ್ಗೆ ಯೋಚನೆನೇ ಮಾಡಿಲ್ಲ ಕಣ್ರೀ. ಫೋನೇ ನೋಡ್ತಾ ಕೂತಿದೀನಿ."

ಅಂಬರೀಶ್ ತಲೆಯೆತ್ತಿ ಅವಳನ್ನು ನೋಡಿದ. ಪಂಪಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಾಳೆ ಮಂಡ್ಯಕ್ಕೆ ನಾನೂ ಬರ್ಲಾ?"

"ಬೆಳಿಗ್ಗೆ ಆರಕ್ಕೆ ಬನ್ನಿ."

"ಐದೂವರೆಗೇ ಬತ್ತೀನಿ."

"ಆರಕ್ಕೆ ಅಂದೆ."

"ಅರ್ಧ ಗಂಟೆ ಜಾಸ್ತಿ ಸಿಗ್ತದಲ್ಲ... ನಿಮ್ ಜೊತೆ."

ಪ್ರಿಯಾಂಕ ಮುಖ ತಿರುಗಿಸಿ, ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೆ ಬಿಗಿ ಮಾಡಿದಳು.

"ಹಂಗಾದ್ರೆ ಐದಕ್ಕೇ ಬನ್ನಿ," ಎಂದಳು ಮೆಲ್ಲಗೆ.