ಮೇಲಿನ ಬರ್ತ್

"ಸರಿ, ಬರ್ತೀನಿ" ಎಂದವನೇ ಮಹಾಗಣಪತಿ ಸೈಕಲ್ಲಿನ ಸ್ಟ್ಯಾಂಡು ಒದ್ದು ಹೊರಟೇಬಿಟ್ಟ.

"ಹೂಂ, ಹೋಗಿ ಬನ್ನಿ" ಎಂದಳು ವಾಗ್ದೇವಿ. ಮನೆಗೆ ಬಂದವರು ಹೊರಟು ನಿಂತರೆ ಎಲ್ಲರೂ ಹೇಳುವ ಮಾತು, ತಾನಾಗಿಯೇ ಬಾಯಿಗೆ ಬಂತು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಸೈಕಲ್ಲು ಬೀದಿಯ ತಿರುವು ದಾಟಿಯಾಗಿತ್ತು.

ಅವಳು ಜಗಲಿಯ ಕಂಬ ಹಿಡಿದು ಹಾಗೇ ನಿಂತಳು. ಸಿಟ್ಟು, ನಾಚಿಕೆ, ಅಳು ಮೂರೂ ಒಟ್ಟಿಗೇ ಬಂದು, ಯಾವುದನ್ನು ಮೊದಲು ಮಾಡುವುದೆಂದು ತಿಳಿಯಲಿಲ್ಲ.

ಅವಳ ಅವಸ್ಥೆ ನಿಮಗೆ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ವಾಗ್ದೇವಿ ಸಾಗರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಆಫ್ರಿಕಾದ ಮೊಂಬಾಸಾದಲ್ಲಿ ಗುಜರಾತಿ ವ್ಯಾಪಾರಿಗಳು ನಡೆಸುವ ಶಾಲೆಗೆ ಟೀಚರು ಬೇಕಾಗಿದ್ದಾರೆ ಎಂದು ಪೇಪರಿನಲ್ಲಿ ನೋಡಿ, ಸಿಗುವುದಿಲ್ಲವೆಂಬ ಧೈರ್ಯದ ಮೇಲೆ ಅರ್ಜಿ ಹಾಕಿದ್ದಳು. ಸಿಕ್ಕಿಬಿಟ್ಟಿತು! ದೀಪಾವಳಿ ಆಗಷ್ಟೇ ಕಳೆದಿತ್ತು. ಕ್ರಿಸ್‌ಮಸ್ ಹೊತ್ತಿಗೆ ಬೊಂಬಾಯಿಯಲ್ಲಿ ಹಡಗು ಹತ್ತಬೇಕು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಸಾಗರದ ಬೀದಿಗಳಲ್ಲಿ ಹಡಗನ್ನು ಕಣ್ಣಾರೆ ಕಂಡವರು ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ ಹಡಗಿನ ಬಗ್ಗೆ ಒಂದು ಅಭಿಪ್ರಾಯವಿಲ್ಲದವರೂ ಇರಲಿಲ್ಲ.

ಮಹಾಗಣಪತಿಗೆ ಬಸ್ ಸ್ಟ್ಯಾಂಡಿನ ಎದುರು ರೇಡಿಯೋ ರಿಪೇರಿ ಅಂಗಡಿ. ವಾಗ್ದೇವಿಯ ಮನೆಯ ರೇಡಿಯೋ ಮೇಲಿಂದ ಮೇಲೆ ಕೆಡುತ್ತಿತ್ತು, ಅದೂ ಶಾಲೆಗೆ ರಜೆಯಿರುವ ದಿನವೇ. ಹಿಂಬದಿಯ ತಂತಿಯೊಂದು ಕಳಚಿಕೊಂಡಿರುತ್ತಿತ್ತು. ಅವನು ಬಂದು ಬೆಸುಗೆ ಹಾಕುತ್ತಿದ್ದ. ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ ಎರಡು ಲೋಟ ಕಾಫಿಯಾದರೂ ಮುಗಿಯುತ್ತಿರಲಿಲ್ಲ. ಅವನು ಕಣ್ಣು ಕಿರಿದು ಮಾಡಿಕೊಂಡು ತಂತಿ ನೋಡುವಾಗ ಅವಳು ಅವನನ್ನು ನೋಡುತ್ತಿದ್ದಳು. ಅವನು ತಲೆಯೆತ್ತಿದರೆ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಕ್ಯಾಲೆಂಡರನ್ನು ಅಷ್ಟು ಶ್ರದ್ಧೆಯಿಂದ ನೋಡಿದ ಹೆಣ್ಣು ಇಡೀ ತಾಲೂಕಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಆ ಸಂಜೆ ಅವಳು ಧೈರ್ಯ ಮಾಡಿದ್ದಳು.

"ಒಬ್ಳೇ ಆದ್ರೆ ಕಳಿಸಲ್ಲ ಅಂತಾರೆ ಅಮ್ಮ. ನಂಗೂ ಹಡಗು ನೆನೆಸಿಕೊಂಡ್ರೆ ಎದೆ ಝಲ್ ಅನ್ನತ್ತೆ. ಗುರ್ತಿನವರು ಯಾರಾದ್ರೂ ಜೊತೆಗೆ ಬರೋ ಹಾಗಿದ್ರೆ..."

"ಗುರ್ತಿನವರು ಅಂದ್ರೆ?" ಅವನು ತಂತಿಯಿಂದ ಕಣ್ಣು ಕೀಳಲಿಲ್ಲ.

"ನಿಮ್ಮ ಹಾಗೆ." ಅವಳ ದನಿ ಅರ್ಧಕ್ಕೇ ಇಳಿಯಿತು. "ನೀವೇ ಬಂದ್ರೆ ಇನ್ನೂ ಚೆನ್ನಾಗಿತ್ತು."

ಆ ಕಾಲದ ಹೆಣ್ಣುಮಗಳೊಬ್ಬಳು ಇದಕ್ಕಿಂತ ಬಿಡಿಸಿ ಹೇಳಲು ಸಾಧ್ಯವಿತ್ತೆ? ಮಹಾಗಣಪತಿಯ ಕಿವಿ ಕೆಂಪಾಯಿತು. ಸಾಮಾನೆಲ್ಲ ಚೀಲಕ್ಕೆ ತುರುಕಿದ. ಅಂಗಳಕ್ಕಿಳಿದು, ಸೈಕಲ್ ಹಿಡಿದು, ಅವಳ ಮುಖವನ್ನೊಮ್ಮೆ ನೇರವಾಗಿ ನೋಡಿ, "ಸರಿ, ಬರ್ತೀನಿ" ಎಂದ. ಹೋದ.

ಒಳಗಿನಿಂದ ಅಮ್ಮ ಶೇಷಮ್ಮ ಬಂದರು. "ಕಾಫಿ ಕುಡೀದೇ ಹೋದ್ನಾ?"

"ಹೋದ್ರು" ಎಂದಳು ವಾಗ್ದೇವಿ. ಆ ಕಾಫಿಯನ್ನು ಅವಳೇ ಕುಡಿದಳು. ಸಕ್ಕರೆ ಹಾಕಿದೆಯೋ ಇಲ್ಲವೋ ತಿಳಿಯಲಿಲ್ಲ.

ಮುಖ ತಪ್ಪಿಸಿಕೊಂಡು ತಿರುಗುತ್ತಾನೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಅದೇ ವಾರ ಶಾಲೆಯ ಗೇಟಿನಲ್ಲಿ ಸೈಕಲ್ ಬಂದು ನಿಂತಿತು. ಅದರ ಮೇಲೆ ಮದುಮಗನ ಹಾಗೆ ಕಳೆಕಳೆಯಾಗಿದ್ದ ಮಹಾಗಣಪತಿ.

"ಟೀಚರೇ, ಹಡಗಲ್ಲಿ ಎಡಗಡೆ ಕ್ಯಾಬಿನ್ನೇ ಕೇಳ್ಬೇಕಂತೆ! ಬಲಗಡೆ ಆದ್ರೆ ಮಧ್ಯಾಹ್ನದ ಬಿಸಿಲಿಗೆ ಬೆಂದು ಹೋಗ್ತೀವಂತೆ."

"ಯಾರು ಹೇಳಿದ್ದು?"

"ಹೊಸನಗರದ ಮುಕುಂದಯ್ಯನವರು. ಮೊಂಬಾಸಾದಲ್ಲಿ ಒಬ್ಬ ಸೇಟು ಹತ್ರ ಗುಮಾಸ್ತರಾಗಿದ್ರು. ಹಡಗಲ್ಲಿ ಹೊಟ್ಟೆ ತುಂಬ ಉಣ್ಬೇಕಂತೆ. ಖಾಲಿ ಹೊಟ್ಟೇಲಿದ್ರೇ ವಾಂತಿಯಂತೆ."

ಅವಳು "ಸಂತೋಷ" ಎಂದು ಒಳಗೆ ನಡೆದಳು. ಬಾ ಎಂದರೆ ಎದ್ದು ಹೋದವನಿಗೆ ತನ್ನನ್ನು ಸಾಗಹಾಕಲು ಎಷ್ಟೊಂದು ಸಡಗರ! ತರಗತಿಯಲ್ಲಿ ಹಸುವಿನ ಹೊಟ್ಟೆಯ ಚಿತ್ರ ಬರೆಯಬೇಕಾಗಿತ್ತು. ಬೋರ್ಡಿನ ಮೇಲೆ ಮೂಡಿದ್ದು ಹಡಗಿನ ಹಾಗೆ ಕಂಡಿತು.

ಮತ್ತೆ ಬಂದ. ಈ ಸಲ ಪೇಟೆಯಲ್ಲಿ, ತರಕಾರಿ ಅಂಗಡಿಯ ಮುಂದೆ.

"ಎಡ ಅಲ್ವಂತೆ ಟೀಚರೇ, ಬಲವಂತೆ. ಮುಕುಂದಯ್ಯನೋರ ಹೆಂಡ್ತಿ ವರದಮ್ಮನೋರು ಹೇಳಿದ್ರು. ಉಣ್ಣಲೂ ಬಾರದಂತೆ. ಅಪ್ಪೆಮಿಡಿ ಉಪ್ಪಿನಕಾಯಿ ಚೀಪ್ತಾ ಗಾಳಿಗೆ ಕೂತ್ಬಿಡ್ಬೇಕಂತೆ."

"ಎರಡ್ರಲ್ಲಿ ಯಾವ್ದು ಸರಿ?"

"ಅದೇ ನಂಗೂ ಬಗೆಹರೀತಿಲ್ಲ. ಇಬ್ರೂ ಒಂದೇ ಹಡಗಲ್ಲಿ ಹೋಗಿ ಬಂದೋರು." ತಲೆ ಕೆರೆದುಕೊಂಡ. ಅತ್ತಿತ್ತ ನೋಡಿ, ದನಿ ತಗ್ಗಿಸಿದ. "ಒಂದು ಕೇಳ್ಲಾ? ಗೊರಕೆ ಸದ್ದಿದ್ರೆ ನಿಮಗೆ ನಿದ್ದೆ ಬರತ್ತಾ?"

"ಯಾರ ಗೊರಕೆ?"

"ಅಲ್ಲ... ಹಾಗಲ್ಲ... ಸುಮ್ನೆ. ಬರ್ತೀನಿ!" ಎಂದವನು ಬದನೆಕಾಯಿಯ ರಾಶಿಗೆ ಸೈಕಲ್ ತಾಗಿಸಿಕೊಂಡು ಪರಾರಿಯಾದ.

ವಾಗ್ದೇವಿಗೆ ತಲೆ ಕೆಟ್ಟುಹೋಯಿತು. ಈ ಮನುಷ್ಯನಿಗೆ ತಾನು ಬೇಕೋ ಬೇಡವೋ? ಬೇಡದಿದ್ದರೆ ತನ್ನ ನಿದ್ದೆಯ ಚಿಂತೆ ಇವನಿಗೇಕೆ? ಬೇಕಿದ್ದರೆ ಅವತ್ತು ಹಾಗೆ ಎದ್ದು ಹೋದದ್ದೇಕೆ? ಆ ಭಾನುವಾರ ಅವಳು ರೇಡಿಯೋದ ತಂತಿ ಎಳೆಯಲಿಲ್ಲ. ಅದು ದಿನವಿಡೀ ಲಕ್ಷಣವಾಗಿ ಹಾಡಿತು. ಅವಳಿಗೆ ಅದರ ಮೇಲೂ ಸಿಟ್ಟು ಬಂತು.

"ಬೇಡ ಅಂತ ಬರ್ದು ಹಾಕೇ" ಎಂದರು ಶೇಷಮ್ಮ. "ಜೊತೆ ಇಲ್ದೆ ನಿನ್ನ ನೀರಿನ ಮೇಲೆ ಕಳಿಸಿ ನಾನಿಲ್ಲಿ ಉಣ್ಣೋದು ಹೇಗೆ?"

ಬರೆಯಲು ಕೂತರೆ ಕೈ ಬರಲಿಲ್ಲ. ಹೋಗಬೇಕೆಂಬ ಆಸೆ ನಿಜ. ಅವನನ್ನು ಬಿಟ್ಟು ಹೋಗಲಾರೆ ಎಂಬುದೂ ಅಷ್ಟೇ ನಿಜ. ಕೊನೆಗೆ, ಹಡಗಿನ ವಿಷಯವಾದರೂ ಬಗೆಹರಿಯಲಿ ಎಂದು ಹೊಸನಗರದ ಬಸ್ಸು ಹತ್ತಿದಳು.

ಮುಕುಂದಯ್ಯನವರ ಮನೆ ತಾಲೂಕು ಕಚೇರಿಯ ಹಿಂದಿನ ಓಣಿಯಲ್ಲಿತ್ತು. ಹಡಗು ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವರು ಕುರ್ಚಿಯಲ್ಲಿ ನೆಟ್ಟಗಾದರು.

"ಕೂತ್ಕೊಳ್ಳಿ. ಮೊದಲ್ನೇದು, ಟ್ರಂಕನ್ನ ಮಂಚದ ಕಾಲಿಗೆ ಕಟ್ಟಿ. ಇಲ್ದಿದ್ರೆ ಅದೇ ಕ್ಯಾಬಿನ್ ತುಂಬ ಓಡಾಡ್ತದೆ. ಎರಡ್ನೇದು, ಹಡಗಿನ ಮಾಣಿಗೆ ಬಕ್ಷೀಸು ಮೊದಲ ದಿನವೇ ಕೊಟ್ಬಿಡಿ."

"ಕೊನೇ ದಿನ" ಎಂದರು ವರದಮ್ಮ, ಅಡುಗೆಮನೆಯಿಂದಲೇ.

"ಕೊನೇ ದಿನ ಕೊಟ್ರೆ ಎಂತ ಪ್ರಯೋಜನ? ಇಳಿದ ಮೇಲೆ ಅವ ಬಿಸಿನೀರು ತಂದು ಕೊಡ್ತಾನಾ?"

"ಮೊದಲ ದಿನ ಕೊಟ್ರೆ ಎರಡ್ನೇ ದಿನದಿಂದ ಮುಖಾನೇ ತೋರ್ಸಲ್ಲ!" ವರದಮ್ಮ ಕಾಫಿ ಹಿಡಿದುಕೊಂಡು ಬಂದರು. "ಇವರ ಮಾತು ಕೇಳ್ಬೇಡಿ ಮಾರಾಯ್ತಿ. ಕ್ಯಾಬಿನ್ ಎಡಗಡೆ ಅಂತ ಹೇಳೋ ಪುಣ್ಯಾತ್ಮರು ಇವರು. ಎಡಗಡೆ ಬರೀ ಬೆಂಕಿ."

"ಎಡಗಡೆ ತಂಪು! ನಾನೇ ಮಲಗಿದ್ದೆ."

"ನಾನೇನು ಸಮುದ್ರದಲ್ಲಿ ಮಲಗಿದ್ನಾ? ಬಲಗಡೆ ತಂಪು!"

ಈ ಜಗಳ ಇವತ್ತು ಹುಟ್ಟಿದ್ದಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು. ತರಗತಿಯಲ್ಲಿ ಇಬ್ಬರು ಮಕ್ಕಳು ಕಚ್ಚಾಡಿದರೆ ಕೇಳುವ ಹಾಗೆ ವಾಗ್ದೇವಿ ಕೇಳಿದಳು. "ನೀವು ಹೇಳ್ತಿರೋದು ಹೋಗೋವಾಗಿನ ಮಾತಾ, ಬರೋವಾಗಿನ ಮಾತಾ?"

ವರದಮ್ಮ ಕಾಫಿ ಲೋಟವನ್ನು ಅವಳ ಕೈಗಿಟ್ಟರು.

"ಹೋಗೋವಾಗಿಂದು" ಎಂದರು ಮುಕುಂದಯ್ಯ. "ಮದುವೆಯಾದ ಹೊಸತು. ನನಗೆ ಆ ಪ್ರಯಾಣವೇ ನೆನಪಿರೋದು."

"ನಂದು ಬರೋವಾಗಿಂದು" ಎಂದರು ವರದಮ್ಮ, ಮೆತ್ತಗೆ. "ಹೋಗೋವಾಗ ಅತ್ಕೊಂಡೇ ಇದ್ದೆ, ಎಂತದೂ ಕಾಣ್ಲಿಲ್ಲ. ಬರೋವಾಗ ಊರು ಬಂತಾ, ಊರು ಬಂತಾ ಅಂತ ಕಣ್ಣು ಬಿಟ್ಕೊಂಡು ಕೂತಿದ್ದೆ."

"ಹಡಗು ತಿರುಗಿ ಬರೋವಾಗ ಬಿಸಿಲಿನ ಕಡೆಯೂ ತಿರುಗತ್ತಲ್ಲ. ಹೋಗೋವಾಗ ಎಡ ತಂಪು, ಬರೋವಾಗ ಬಲ. ನೀವಿಬ್ರೂ ಹೇಳಿದ್ದು ಸರಿ" ಎಂದಳು ವಾಗ್ದೇವಿ.

ಮುಕುಂದಯ್ಯ ಹೆಂಡತಿಯ ಮುಖವನ್ನೇ ನೋಡಿದರು. "ಅಳ್ತಿದ್ಯಾ? ನನಗೆ ಗೊತ್ತೇ ಆಗ್ಲಿಲ್ವಲ್ಲೇ" ಎಂದರು. ವರದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ನೀವು ಮೀನು ನೋಡ್ತಾ ನಿಂತಿದ್ರಿ" ಎಂದರು.

ಆಮೇಲೆ ವರದಮ್ಮ ವಾಗ್ದೇವಿಯ ಕಡೆ ತಿರುಗಿದರು. "ಒಂದು ಮಾತಿಗೆ ಮಾತ್ರ ನಮ್ಮಲ್ಲಿ ತಕರಾರಿಲ್ಲ. ಕೆಳಗಿನ ಬರ್ತ್ ನೀವು ಇಟ್ಕೊಳ್ಳಿ. ಸೀರೆ ಉಟ್ಕೊಂಡು ಏಣಿ ಹತ್ತೋದು ಆಗೋ ಹೋಗೋ ಮಾತಲ್ಲ. ಮೇಲಿನ ಬರ್ತ್ ನಿಮ್ಮ ಯಜಮಾನ್ರಿಗೆ. ಗೊರಕೆ ಹೊಡೀತಾರಂತಲ್ಲ, ಮೇಲೇ ಇರ್ಲಿ."

"ಯಾವ ಯಜಮಾನ್ರು?"

"ಯಾವ ಅಂದ್ರೆ? ನಮ್ಮ ರೇಡಿಯೋ ಗಣಪತಿ! 'ಟೀಚರು ಬಾಯಿ ಬಿಟ್ಟು ಕರೆದ್ರು ವರದಮ್ಮ, ನಾನೂ ಬರ್ತೀನಿ ಅಂದ್ಬಿಟ್ಟೆ. ಹಡಗು ಹತ್ತೋದ್ರೊಳಗೆ ಮದುವೆ ಆಗ್ಬೇಕು' ಅಂತ ಇಲ್ಲೇ ಕೂತು ಹೇಳಿದ್ನಲ್ಲ. ಖುಷಿಗೆ ನನ್ನ ರೇಡಿಯೋ ಪುಕ್ಕಟೆ ರಿಪೇರಿ ಮಾಡ್ಕೊಟ್ಟ."

ವಾಗ್ದೇವಿ ಕಾಫಿ ಲೋಟ ಕೆಳಗಿಟ್ಟಳು.

ವಾಪಸು ಬರುವ ಬಸ್ಸಿನಲ್ಲಿ ಆ ಮಾತನ್ನು ಬಾಯೊಳಗೇ ಹೊರಳಿಸಿ ಹೊರಳಿಸಿ ನೋಡಿದಳು. ಬರ್ತೀನಿ. ಹೋಗುವವರೂ ಬರ್ತೀನಿ ಎನ್ನುತ್ತಾರೆ, ಬರುವವರೂ ಬರ್ತೀನಿ ಎನ್ನುತ್ತಾರೆ. ಹೋಗ್ತೀನಿ ಎಂದರೆ ಅಪಶಕುನವೆಂದು ಹಿರಿಯರು ಮಾಡಿಟ್ಟ ಏರ್ಪಾಡು. ಅದು ತನ್ನ ಕುತ್ತಿಗೆಗೇ ಬರಬೇಕೆ! ವಾಗ್ದೇವಿ ಎಂಬ ಹೆಸರಿಟ್ಟುಕೊಂಡು ಒಂದು ಮಾತು ಅರ್ಥವಾಗಲಿಲ್ಲವಲ್ಲ ಎಂದು ನಗು ಬಂತು. ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ಆಚೆ ಸರಿದಳು.

ಬಸ್ಸಿಳಿದವಳೇ ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದಳು. ಮಹಾಗಣಪತಿ ಯಾರದೋ ರೇಡಿಯೋದ ಬೆನ್ನು ಬಿಚ್ಚಿಕೊಂಡು ಕೂತಿದ್ದ.

"ಅವತ್ತು ಬರ್ತೀನಿ ಅಂದ್ರಲ್ಲ. ಅದರ ಅರ್ಥ ಏನು?"

ಅವನು ಕಣ್ಣು ಕಣ್ಣು ಬಿಟ್ಟ. "ಬರ್ತೀನಿ ಅಂದ್ರೆ... ಬರ್ತೀನಿ ಅಂತ. ಮೊಂಬಾಸಾಕ್ಕೆ."

"ಹಾಗಂದು ಎದ್ದು ಹೋದ್ರಲ್ಲ!"

"ನೀವೇ ಅಂದ್ರಲ್ಲ, 'ಹೂಂ, ಹೋಗಿ ಬನ್ನಿ' ಅಂತ. ಹೋಗಿ ಎಲ್ಲಾ ವಿಚಾರಿಸ್ಕೊಂಡು ಬನ್ನಿ ಅಂತ ತಿಳ್ಕೊಂಡೆ. ಹೋದೆ, ವಿಚಾರಿಸ್ದೆ, ಬಂದೆ. ಬಂದಾಗೆಲ್ಲ ನೀವು ಮುಖ ಊದಿಸ್ಕೊಂಡಿರ್ತಿದ್ರಿ. ಎಡ ಬಲ ಸರಿಯಾಗಿ ತಿಳ್ಕೊಂಡು ಬರ್ಲಿಲ್ಲ ಅಂತ ಸಿಟ್ಟೇನೋ ಅಂದ್ಕೊಂಡೆ."

ಅವಳು ಸೆರಗು ಬಾಯಿಗೆ ಒತ್ತಿ ಹಿಡಿದಳು. ನಗುವೋ ಅಳುವೋ ಅವಳಿಗೂ ಗೊತ್ತಿರಲಿಲ್ಲ.

ಮಹಾಗಣಪತಿಯ ಮುಖ ಮಾತ್ರ ನಿಧಾನವಾಗಿ ಬಾಡಿತು. "ಹಾಗಾದ್ರೆ ನಾನೇ ತಪ್ಪು ತಿಳಿದ್ನಾ ಟೀಚರೇ? ನೀವು ಕರೆದಿದ್ದು ತಮಾಷೆಗಾ? ಪಾಸ್‌ಪೋರ್ಟಿಗೆ ಅರ್ಜಿ ಹಾಕ್ಬಿಟ್ಟೆ. ಮುಕುಂದಯ್ಯನೋರು ಸೇಟುಗೆ ನನ್ನ ವಿಷಯ ಕಾಗದಾನೂ ಬರೆದ್ರು. ಅಂಗಡಿ ನೋಡ್ಕೋ ಅಂತ ತಮ್ಮಂಗೆ ಹೇಳಿದೀನಿ."

"ಅಲ್ಲಿಗೆ ಬಂದು ಏನು ಮಾಡ್ತೀರಿ?"

"ಅಲ್ಲೂ ರೇಡಿಯೋ ಕೆಡ್ತಾವೆ. ತಾನಾಗಿ ಕೆಡದಿದ್ರೆ ತಂತಿ ಎಳೆಯೋಕೆ ನೀವಿದ್ದೀರಲ್ಲ."

ವಾಗ್ದೇವಿಯ ಕೆನ್ನೆ ಕಾದುಹೋಯಿತು. "ಗೊತ್ತಿತ್ತಾ?"

"ನಾನು ಹಾಕಿದ ಬೆಸುಗೆ ತಾನಾಗಿ ಬಿಡಲ್ಲ." ಅವನೂ ತಲೆ ತಗ್ಗಿಸಿದ. "ಇನ್ನೂ ಗಟ್ಟಿಯಾಗಿ ಹಾಕ್ಬಹುದಿತ್ತು. ಹಾಕ್ಲಿಲ್ಲ."

ಆ ಅಂಗಡಿಯಲ್ಲೂ ಒಂದು ಕ್ಯಾಲೆಂಡರಿತ್ತು. ವಾಗ್ದೇವಿ ಅದನ್ನು ನೋಡಲಿಲ್ಲ. ಅವನನ್ನೇ ನೋಡಿದಳು, ಕಣ್ಣು ತಪ್ಪಿಸದೆ. ಇಷ್ಟು ದಿನ ಕದ್ದು ನೋಡಿದ ಮುಖವನ್ನು ನೇರವಾಗಿ ನೋಡುವುದು ಇಷ್ಟು ಸುಖವೆಂದು ಅವಳಿಗೆ ತಿಳಿದಿರಲಿಲ್ಲ.

"ಹೋಗೋವಾಗ ಎಡಗಡೆ ಕ್ಯಾಬಿನ್" ಎಂದಳು. "ಕೆಳಗಿನ ಬರ್ತ್ ನಂದು."

ಅವನು ಸ್ಕ್ರೂಡ್ರೈವರು ಹಿಡಿದೇ ಅರ್ಧ ಎದ್ದ. "ಮೇಲಿಂದು?"

"ಗೊರಕೆ ಹೊಡೆಯೋರಿಗೆ."

ಅವನ ಮುಖದಲ್ಲಿ ಏರಿದ ಬೆಳಕು ನೋಡಿ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. "ನಾಳೆ ಅಮ್ಮನ್ನ ಕೇಳೋಕೆ ಬನ್ನಿ. ಜೊತೆ ಸಿಕ್ಕಿದೆ ಅಂತ ನಾನು ಹೇಳಿರ್ತೀನಿ" ಎಂದು ಮೆಟ್ಟಿಲಿಳಿದಳು. ಬೀದಿಗೆ ಕಾಲಿಟ್ಟು, ಅಭ್ಯಾಸಬಲದಿಂದ ತಿರುಗಿ "ಬರ್ತೀನಿ" ಎಂದಳು. ಎಂದವಳು ಅಲ್ಲೇ ನಿಂತಳು.

"ಯಾವ ಬರ್ತೀನಿ?" ಎಂದ ಅವನು, ಒಳಗಿನಿಂದ.

"ಈಗ ಮನೆಗೆ ಹೋಗೋ ಬರ್ತೀನಿ. ಇನ್ನೊಂದನ್ನ ನಾಳೆ ಅಮ್ಮನ ಎದುರಿಗೆ ಹೇಳ್ತೀನಿ."

ಅವನು ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಇನ್ನೂ ಸ್ಕ್ರೂಡ್ರೈವರು. "ಹೋಗಿ ಬ..." ಎಂದು ಅರ್ಧಕ್ಕೇ ನಿಲ್ಲಿಸಿದ. ಏನೋ ಯೋಚಿಸಿದ. ಕಿವಿ ಮತ್ತೆ ಕೆಂಪಾಯಿತು.

"ಹೋಗಿ ಬಾ" ಎಂದ.

ಬನ್ನಿ ಅಲ್ಲ, ಬಾ. ಇದೊಂದನ್ನು ಮಾತ್ರ ವಾಗ್ದೇವಿ ಸರಿಯಾಗಿಯೇ ಅರ್ಥಮಾಡಿಕೊಂಡಳು.